ಐಸ್ ಕೊಡದ ನರ್ಸಮ್ಮ

ನಮ್ಮ ಚರ್ಮದ ಕ್ಲಿನಿಕ್ಕಿನಲ್ಲಿ ನರ್ಸಮ್ಮನ ಬಾಯಿಗೆ ಹೆದರದವರಿಲ್ಲ. ಡಾಕ್ಟರಾದ ನಾನೂ ಹೆದರುತ್ತೇನೆ. ಮುಖದ ಸುಕ್ಕು ತುಂಬುವ ಇಂಜೆಕ್ಷನ್ನಿಗೆ ಬಂದವರನ್ನು ಅವರು ಮೊದಲು ಬೇಸಿನ್ನಿನ ಮುಂದೆ ನಿಲ್ಲಿಸುತ್ತಾರೆ.

"ಪೌಡರೆಲ್ಲ ತೊಳ್ಕೊಂಡ್ ಬನ್ನಿ. ಸುಣ್ಣ ಬಳಿದ ಗೋಡೇಲಿ ಬಿರುಕು ಕಾಣತ್ತಾ?"

ಜ್ವರವಿದ್ದವರಿಗೆ ಇವತ್ತಿಲ್ಲ. ನಾಡಿದ್ದೇ ಮದುವೆ ಎಂದು ಓಡಿಬಂದವರಿಗೂ ಇಲ್ಲ. ಔಷಧದ ಡಬ್ಬಿಯನ್ನು ಬಂದವರ ಕಣ್ಣೆದುರೇ ಒಡೆದು, ಹೆಸರು, ತಾರೀಖು ಅವರಿಂದಲೇ ಓದಿಸುತ್ತಾರೆ. ಇದೆಲ್ಲ ಸರಿಯೇ. ಆದರೆ ಚುಚ್ಚಿದ ಮೇಲೆ ಅರ್ಧ ಗಂಟೆ ಯಾರು ಎಷ್ಟೇ ಗೋಗರೆದರೂ ಐಸ್ ಕೊಡುವುದಿಲ್ಲ. ಕಲ್ಲು ಮನಸ್ಸಿನ ಹೆಂಗಸು ಎಂದು ಎಷ್ಟೋ ಜನ ನನ್ನ ಹತ್ತಿರ ದೂರಿದ್ದಾರೆ. ವಯಸ್ಸಾದವರ ಹಠ, ಹೋಗಲಿ ಬಿಡಿ ಎಂದು ನಾನೂ ನಗುತ್ತಿದ್ದೆ.

ಒಂದು ಮಧ್ಯಾಹ್ನ ನಾನು ಐವತ್ತು ದಾಟಿದ ಟೀಚರೊಬ್ಬರ ಮೂಗಿನ ಪಕ್ಕದ ಗೆರೆಗೆ ಇಂಜೆಕ್ಷನ್ ಚುಚ್ಚಿದೆ. ಹೊರಗೆ ಇನ್ನೂ ನಾಲ್ಕು ಜನ ಕಾಯುತ್ತಿದ್ದರು.

"ತುಂಬಾ ಉರೀತಿದೆ, ಡಾಕ್ಟ್ರೇ," ಎಂದರು ಟೀಚರು.

"ಸ್ವಲ್ಪ ಐಸ್ ಇಡಿ, ಸರಿಹೋಗತ್ತೆ," ಎಂದು ನರ್ಸಮ್ಮನಿಗೆ ಹೇಳಿ ನಾನು ಗ್ಲೌಸ್ ಕಳಚಿದೆ.

ನರ್ಸಮ್ಮ ಐಸಿನ ಕಡೆ ತಿರುಗಿಯೂ ನೋಡಲಿಲ್ಲ. ಟೀಚರ ಮೂಗಿನ ಪಕ್ಕ ಬೆರಳೊತ್ತಿ, ಬಿಟ್ಟು, ಎಣಿಸತೊಡಗಿದರು. ಒತ್ತಿದ ಜಾಗಕ್ಕೆ ಎರಡು ಎನ್ನುವಷ್ಟರಲ್ಲಿ ರಕ್ತ ಮರಳಿ ಬರಬೇಕು. ನಾಲ್ಕು ಎಂದರೂ ಬೆರಳಿನ ಗುರುತು ಬೆಳ್ಳಗೇ ಇತ್ತು.

"ಗ್ಲೌಸ್ ಹಾಕ್ಕೊಳ್ಳಿ, ಡಾಕ್ಟ್ರೇ."

"ಬರೀ ಬಾವು ಇರ್ಬೇಕು, ನರ್ಸಮ್ಮ."

"ಹಾಕ್ಕೊಳ್ಳಿ ಅಂದೆ."

ತುಂಬಿದ ಔಷಧ ರಕ್ತನಾಳವನ್ನು ಕಟ್ಟಿತ್ತು. ಹಾಗೇ ಬಿಟ್ಟರೆ ಚರ್ಮ ಕಪ್ಪಾಗಿ ಸಾಯುತ್ತದೆ. ಕಣ್ಣಿನ ಕಡೆ ಹೋದರೆ ದೃಷ್ಟಿಯೇ ಹೋಗಬಹುದು. ಅದನ್ನು ಕರಗಿಸುವ ಮದ್ದನ್ನು ನರ್ಸಮ್ಮ ಆಗಲೇ ಫ್ರಿಜ್ಜಿನಿಂದ ತೆಗೆದಿದ್ದರು. ನಾನು ಚುಚ್ಚಿದೆ, ಅವರು ತಿಕ್ಕಿದರು, ಬಿಸಿ ಬಟ್ಟೆ ಇಟ್ಟರು. "ಕಣ್ಣು ಸರಿಯಾಗಿ ಕಾಣ್ತಿದೆ ತಾನೆ?" ಎಂದು ಮತ್ತೆ ಮತ್ತೆ ಕೇಳಿದರು. ಕಾಯುತ್ತಿದ್ದವರನ್ನೆಲ್ಲ ಮನೆಗೆ ಕಳಿಸಿದೆವು. ಮತ್ತೆರಡು ಸಲ ಮದ್ದು ಕೊಟ್ಟ ಮೇಲೆ, ಒತ್ತಿ ಬಿಟ್ಟರೆ ಎರಡು ಎನ್ನುವಷ್ಟರಲ್ಲಿ ಚರ್ಮ ಕೆಂಪಾಯಿತು. ನನಗೆ ಹೋದ ಜೀವ ಬಂದಂತಾಯಿತು.

ನಾಚಿಕೆಗೇಡಿನ ಮಾತು ಆಡಿದ್ದು ಆಮೇಲೆ. ನರ್ಸಮ್ಮನನ್ನು ಪಕ್ಕಕ್ಕೆ ಕರೆದು, "ಸ್ವಲ್ಪ ಬಾವು ಬಂದಿತ್ತು ಅಂತ ಹೇಳೋಣ. ಸುಮ್ನೆ ಯಾಕೆ ಹೆದರಿಸೋದು?" ಎಂದೆ.

"ಮನೆಗೆ ಹೋದ್ಮೇಲೆ ಮತ್ತೆ ಬಿಳಿಚಿಕೊಂಡ್ರೆ? ಏನು ನೋಡ್ಬೇಕು ಅಂತ ಆಯಮ್ಮನಿಗೆ ಗೊತ್ತಿರ್ಬೇಡ್ವಾ?" ಎಂದರು. ಆಮೇಲೆ ದನಿ ತಗ್ಗಿಸಿದರು. "ಹದಿನಾಲ್ಕು ವರ್ಷದ ಹಿಂದೆ, ನಾನಾಗ ಕೆಲಸ ಮಾಡ್ತಿದ್ದ ಬೇರೆ ಕ್ಲಿನಿಕ್ಕು. ಇದೇ ಇಂಜೆಕ್ಷನ್ನಿಗೆ ನನ್ನ ತಂಗೀನ ನಾನೇ ಕರ್ಕೊಂಡ್ಹೋಗಿದ್ದೆ. ಉರಿ ಅಂದ್ಲು. ಪಾಪ ಅಂತ ನಾನೇ ಐಸ್ ಇಟ್ಟೆ. ಚರ್ಮ ಬೆಳ್ಳಗಾಯ್ತು, ತಣ್ಣಗಿರೋದಕ್ಕೆ ಹಾಗೆ ಅಂದ್ಕೊಂಡೆ. ಅದು ನನ್ನ ಕೈ ಕೆಳಗೇ ಸಾಯ್ತಿತ್ತು."

ತಂಗಿಯ ಮೇಲ್ತುಟಿಯಿಂದ ಮೂಗಿನವರೆಗೆ ಇವತ್ತಿಗೂ ಕಲೆ ಇದೆಯಂತೆ. ಮೈಯ ಉಷ್ಣದಿಂದ ಹೀಗಾಯಿತು ಎಂದು ಅಲ್ಲಿನ ಡಾಕ್ಟರು ಹೇಳಿ ಕೈತೊಳೆದುಕೊಂಡಿದ್ದರು.

"ನಾನೂ ಪಕ್ಕದಲ್ಲಿ ನಿಂತು ಹೂಂ ಅಂದೆ."

"ಆಮೇಲಾದ್ರೂ ತಂಗಿಗೆ ನಿಜ ಹೇಳಿದ್ರಾ?"

ಅವರು ಬಿಸಿ ಬಟ್ಟೆಗಳನ್ನು ಎತ್ತಿಕೊಂಡು ಸ್ಟೋರ್ ರೂಮಿನ ಕಡೆ ನಡೆದರು.

ಟೀಚರಿಗೆ ನಾನು ಎಲ್ಲವನ್ನೂ ಹೇಳಿದೆ, ನನ್ನ ಅವಸರವನ್ನೂ ಸೇರಿಸಿ. ಅವರು ಅತ್ತರು, ಚೆನ್ನಾಗಿ ಬೈದರು. ಆಮೇಲೆ ಏನೇನು ನೋಡಬೇಕೆಂದು ಬರೆದುಕೊಂಡು, ನನ್ನ ಮೊಬೈಲ್ ನಂಬರ್ ತೆಗೆದುಕೊಂಡು, ನಾಳೆ ಬೆಳಿಗ್ಗೆ ಬರುತ್ತೇನೆಂದು ಹೋದರು.

ನರ್ಸಮ್ಮ ಸ್ಟೋರ್ ರೂಮಿನಲ್ಲಿ, ಹತ್ತಿಯ ಡಬ್ಬಗಳ ಮಧ್ಯೆ, ಸ್ಟೂಲಿನ ಮೇಲೆ ಕೂತಿದ್ದರು. ಕೈಯಲ್ಲಿ ಫೋನಿತ್ತು. ಬಾಗಿಲಲ್ಲಿ ನನ್ನನ್ನು ಕಂಡು, ಹೋಗಬೇಡಿ ಎನ್ನುವಂತೆ ಕೈ ಎತ್ತಿದರು. ತಂಗಿಗೆ ಫೋನ್ ಮಾಡಿ ಒಂದೇ ಉಸಿರಿಗೆ ಹೇಳಿ ಮುಗಿಸಿದರು. ಐಸಿನದು, ಕಟ್ಟಿದ ರಕ್ತನಾಳದ್ದು, ಹೂಂ ಅಂದದ್ದು.

ಆ ಪುಟ್ಟ ಕೋಣೆಯಲ್ಲಿ ತಂಗಿಯ ದನಿ ನನಗೂ ಕೇಳಿಸಿತು.

"ಗೊತ್ತಿತ್ತು ಅಕ್ಕ. ಆ ವಾರನೇ ಬೇರೆ ಡಾಕ್ಟ್ರು ಹೇಳಿದ್ರು. ನೀನು ಮನೆಗೆ ಬಂದಾಗೆಲ್ಲ, ಇವತ್ತು ಹೇಳ್ತೀಯ ಅಂತ ಕಾಯ್ತಿದ್ದೆ."