ಮಂದಿ ಬಂದೈತಿ

ನಿನ್ನೆ ಬೆಳಿಗ್ಗೆ ಕಾಲೇಜಿಗೆ ಹೋಗಿ ನೋಡುತ್ತೇನೆ, ಸೆಮಿನಾರಿಗೆಂದು ಸಭಾಗೃಹದಲ್ಲಿ ಇನ್ನೂರು ಕುರ್ಚಿ ಹಾಕಿದ್ದಾರೆ.

ನಾವು ಕಾಯುತ್ತಿದ್ದದ್ದು ಹೆಚ್ಚೆಂದರೆ ಇಪ್ಪತ್ತೈದು ಜನರನ್ನು.

ಹಾಕಿದವರು ಶಾಂತಾ ಮಾವಶಿ, ಮರಾಠಿಯಲ್ಲಿ ಮಾವಶಿ ಅಂದರೆ ಚಿಕ್ಕಮ್ಮ. ನಮ್ಮ ಮಿರಜಿನ ಕಾಲೇಜಿನಲ್ಲಿ ಕಸ ಹೊಡೆದು, ಚಹಾ ಕೊಟ್ಟು, ಗಂಟೆ ಬಾರಿಸುವವರು. ದಿನಾ ಮಾಧವನಗರದಿಂದ ಶೇರ್ ಆಟೋದಲ್ಲಿ ಬರುತ್ತಾರೆ. ಸ್ಟಾಫಿನಲ್ಲಿ ಕನ್ನಡ ಬರುವುದು ನಮ್ಮಿಬ್ಬರಿಗೇ, ನಾನು ಗಡಿಯ ಆರಗ ಊರಿನವಳು.

"ಇಷ್ಟ್ಯಾಕ ಹಾಕೀರಿ ಮಾವಶಿ?" ಅಂದೆ.

"ನೀನ ಹೇಳಿದೆಲ್ಲ ತಂಗಿ, ಮಂದಿ ಮ್ಯಾಲೆ ಕಾರ್ಯಕ್ರಮ ಐತಿ ಅಂತ. ಮಂದಿ ಅಂದಮ್ಯಾಲೆ ಕುರ್ಚಿ ಬ್ಯಾಡೇನು?"

ತಪ್ಪು ನನ್ನದೇ.

ಬ್ಯಾನರಿನಲ್ಲಿ ಮರಾಠಿಯಲ್ಲಿ ಬರೆದದ್ದು 'ಅಮೆರಿಕನ್ ಕಾದಂಬರಿ: ಮಂದೀ ಆಣಿ ಏಕಟೇಪಣ', ಅಂದರೆ ಮಂದೀ ಮತ್ತು ಒಂಟಿತನ. ಮರಾಠಿಯಲ್ಲಿ ಮಂದೀ ಅಂದರೆ ವ್ಯಾಪಾರ ಬಿದ್ದುಹೋಗಿ ಕೆಲಸ ಸಿಗದ ಕಾಲ. ಅಮೆರಿಕದಲ್ಲಿ ಅಂಥ ಕಾಲ ಬಂದಾಗ ಒಂಟಿಯಾದವರ, ಅನ್ಯಾಯಕ್ಕೆ ಸಿಕ್ಕವರ ಕಥೆಗಳೇ ನಮ್ಮ ವಿಷಯ. ಹಿಂದಿನ ದಿನ ಮಾವಶಿ ಕೇಳಿದಾಗ ನಾನು ಅವಸರದಲ್ಲಿ ಆ ಶಬ್ದವನ್ನು ಹಾಗೇ ಕನ್ನಡದ ಮಾತಿನೊಳಗೆ ತುರುಕಿದ್ದೆ. ಕನ್ನಡದಲ್ಲಿ ಮಂದಿ ಅಂದರೆ ಜನ.

ಪುಸ್ತಕದ ಕನ್ನಡದಲ್ಲಿ ಇದಕ್ಕೆ ಆರ್ಥಿಕ ಹಿಂಜರಿತ ಅಂತಾರೆ, ಗೊತ್ತು. ಹಾಗೆಂದಿದ್ದರೆ ಮಾವಶಿ, ಯಾವ ಡಾಕ್ಟರಿಗೆ ತೋರಿಸಿದಿ ಎಂದು ಕೇಳುತ್ತಿದ್ದರು. ಆಸ್ಪತ್ರೆಗಳ ಊರಾದ ಮಿರಜಿನಲ್ಲಿ ಅದು ಸಹಜವಾದ ಪ್ರಶ್ನೆ.

ಬಂದವರು ಇಪ್ಪತ್ತೆರಡು. ಅದರಲ್ಲಿ ಪೇಪರ್ ಓದುವವರೇ ಎಂಟು.

ಸಾಂಗಲಿಯಿಂದ ಬಂದ ಮುಖ್ಯ ಅತಿಥಿಗಳು ವೇದಿಕೆಯಿಂದ ಖಾಲಿ ಕುರ್ಚಿಗಳನ್ನು ನೋಡಿ ಕೊಂಚ ತಡವರಿಸಿದರು. ಆಮೇಲೆ ಕಣ್ಣು ಮುಚ್ಚಿಕೊಂಡು, ಈ ಖಾಲಿ ಕುರ್ಚಿಗಳೇ ಒಂಟಿತನದ ಪ್ರತಿಮೆ, ಆಯೋಜಕರ ಕಲ್ಪನೆಗೆ ಶರಣು ಎಂದರು. ಚಪ್ಪಾಳೆ ಬಿತ್ತು.

ನಮ್ಮ ಪ್ರಾಚಾರ್ಯರು ಎದ್ದು ನಿಂತು ಕೈಮುಗಿದರು, ಕಲ್ಪನೆ ತಮ್ಮದೇ ಎಂಬ ಹಾಗೆ.

ಮಾವಶಿ ಬಾಗಿಲ ಹತ್ತಿರ ಚಹಾದ ಟ್ರೇ ಹಿಡಿದು ನಿಂತಿದ್ದರು. ಅಷ್ಟು ಕುರ್ಚಿ ಖಾಲಿ ಇದ್ದರೂ ಕುಂದ್ರಿ ಅಂತ ಯಾರೂ ಅನ್ನಲಿಲ್ಲ. ನಾನೂ ಅನ್ನಲಿಲ್ಲ.

ಇನ್ನು ನನ್ನ ಪೇಪರ್... ಆ ಕಥೆಗಳಲ್ಲಿ ಕೆಲಸಗಾರರಿಗೆ 'ನಾಳೆಯಿಂದ ಬರಬೇಡಿ' ಎಂದು ಹೇಳಲು ಒಬ್ಬ ಬರುತ್ತಾನೆ. ಕೆಟ್ಟವನೇನಲ್ಲ. ಮೇಲಿನವರು ಹೇಳು ಅಂದರು, ನಾನು ಹೇಳುತ್ತಿದ್ದೇನೆ ಅನ್ನುವವನು. ಅವನಿಗೆ ಎರಡು ಪುಟ ತುಂಬ ಬೈದಿದ್ದೆ. ಓದುವಾಗ ನನ್ನ ದನಿ ನಡುಗಿತು, ಪ್ರಾಚಾರ್ಯರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಊಟಕ್ಕೆ ಕೃಷ್ಣಾ ದಂಡೆಯ ಬದನೆಕಾಯಿ ಎಣಗಾಯಿ. ಪುರಾಣ ಹೇಳಲಿಕ್ಕೆ, ಬದನೆಕಾಯಿ ತಿನ್ನಲಿಕ್ಕೆ ಎಂಬ ಗಾದೆ ನಮ್ಮ ಕಾಲೇಜಿನಲ್ಲೇ ಹುಟ್ಟಿರಬೇಕು.

ಯಾಕೆಂದರೆ ಊಟ ಆದಮೇಲೆ ಅದೇ ಪ್ರಾಚಾರ್ಯರು ನನ್ನನ್ನು ಕ್ಯಾಬಿನ್ನಿಗೆ ಕರೆದರು. ಅಡ್ಮಿಷನ್ ಕಡಿಮೆಯಾಗಿವೆ, ಎಲ್ಲ ಕಡೆ ಮಂದೀ, ಮುಂದಿನ ತಿಂಗಳಿಂದ ಕಸದ ಕೆಲಸ ಏಜೆನ್ಸಿಗೆ ಕೊಡುತ್ತೇವೆ, ಶಾಂತಾಬಾಯಿ ಬೇಡ ಎಂದರು. ನಿಮ್ಮ ಭಾಷೆಯವರು, ನೀವೇ ಹೇಳಿ, ಮಾತೃಭಾಷೆಯಲ್ಲಿ ಕೇಳಿದರೆ ನೋವು ಕಡಿಮೆ ಎಂದೂ ಸೇರಿಸಿದರು. ಅವರ ಕಣ್ಣು ಇನ್ನೂ ಕೆಂಪಗಿತ್ತು.

ನಾನು ತಾಸಿನ ಲೆಕ್ಕದಲ್ಲಿ ಸಂಬಳ ಪಡೆಯುವ ಟೀಚರ್. ವರ್ಷವರ್ಷವೂ ನನ್ನ ಆರ್ಡರ್ ಅದೇ ಟೇಬಲ್ಲಿನ ಮೇಲೆ ಸಹಿಗೆ ಕಾಯುತ್ತದೆ.

ಹೂಂ ಅಂದೆ.

ಸಭಾಗೃಹಕ್ಕೆ ಬಂದರೆ ಮಾವಶಿ ಒಬ್ಬರೇ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದಾರೆ. ನಾನೂ ನಾಲ್ಕು ಪೇರಿಸಿದೆ. ಇನ್ನೂ ನಾಲ್ಕು ಪೇರಿಸಿದೆ...

"ಮಾವಶಿ, ಕಾಲೇಜಿಗೆ ಮಂದಿ ಬಂದೈತಂತ್ರಿ."

ಅವರು ಸೊಂಟದ ಮೇಲೆ ಕೈಯಿಟ್ಟು ಸುತ್ತ ನೋಡಿದರು. "ಎಲ್ಲಿ ಬಂತು ತಂಗಿ? ಕುರ್ಚಿ ಎಲ್ಲಾ ಹಾಂಗ ಅದಾವಲ್ಲ."

"ಆ ಮಂದಿ ಅಲ್ರಿ. ಮುಂದಿನ ತಿಂಗಳಿಂದ ನೀವು ಬರೂದು ಬ್ಯಾಡಂತ. ಸಾಹೇಬ್ರು ಹೇಳು ಅಂದ್ರು... ನಾ ಹೇಳಾಕತ್ತೀನಿ."

ಹೇಳಿದ ಮೇಲೆ ನೆನಪಾಯಿತು, ಈ ಕೊನೆಯ ಮಾತು ನನ್ನ ಪೇಪರಿನ ಎರಡನೇ ಪುಟದಲ್ಲಿತ್ತು.

ಮಾವಶಿ ಒಂದು ಕುರ್ಚಿ ಇಳಿಸಿಕೊಂಡು ಕುಳಿತರು. ಆ ದಿನ ಅವರು ಕುಳಿತದ್ದು ಅದೇ ಮೊದಲು.

"ಮರಾಠಿ ಮಂದಿ ಅನ್ನು," ಅಂದರು. "ಅದು ನನಗ ಗೊತ್ತೈತಿ. ನಾ ಮೊದಲ ದುಡೀತಿದ್ದ ಮಿಲ್ ಬಂದ್ ಆದಾಗೂ ಇದ ಶಬ್ದ ಹೇಳಿದ್ರು. ಅವರು ಮರಾಠಿಯೊಳಗ ಹೇಳಿದ್ರು, ನೀ ಕನ್ನಡದಾಗ ಹೇಳಿದಿ. ಅಷ್ಟ ಫರಕ."

ನಾನು ನಾಚಿ, ಪೇರಿಸಿದ ಕುರ್ಚಿಗಳನ್ನೇ ಮತ್ತೆ ನೆಟ್ಟಗೆ ಮಾಡಿದೆ.

"ಹೊಟ್ಟಿದು ಬಿಡು, ನಾಕ ಮನಿ ಭಾಂಡಿ ತಿಕ್ಕಿದ್ರ ನಡೀತೈತಿ. ಆದ್ರ ದಿನಾ ನನ್ನ ಹೆಸರು ಹಿಡದು ಕರಿಯೂ ಮಂದಿ ಇಲ್ಲೇ ಐತಿ. ಮನ್ಯಾಗ ಗ್ವಾಡಿ ಕರೀತಾವೇನು?"

ಒಂಟಿತನದ ಬಗ್ಗೆ ನಾವು ಎಂಟು ಜನ ನಾಲ್ಕು ತಾಸು ಮಾತಾಡಿದ್ದೆವು. ಈ ಮಾತು ಒಬ್ಬರ ಬಾಯಿಂದಲೂ ಬಂದಿರಲಿಲ್ಲ.

ಆಮೇಲೆ ಎದ್ದು, ಉಳಿದ ಕುರ್ಚಿ ಎಲ್ಲ ಪೇರಿಸಿ, ನನಗೆ ಅರ್ಧ ಕಪ್ ಚಹಾ ತಂದುಕೊಟ್ಟು ಹೋದರು.

ಇವತ್ತು ಬೆಳಿಗ್ಗೆ ಹೆದರುತ್ತಲೇ ಇದನ್ನೆಲ್ಲ ಮರಾಠಿಯಲ್ಲಿ ಬರೆದು ಸೆಮಿನಾರಿನ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದೆ. ಹನ್ನೊಂದು ಅಳುವ ಮುಖ ಬಂದಿವೆ, ಆರು ಕೈಮುಗಿದ ಚಿತ್ರ. ಮುಖ್ಯ ಅತಿಥಿಗಳು, ಒಳ್ಳೆಯ ವಿಷಯ, ಇದರ ಮೇಲೊಂದು ಪೇಪರ್ ಬರೆಯಿರಿ ಎಂದಿದ್ದಾರೆ.

ಪ್ರಾಚಾರ್ಯರೂ ಓದಿದ್ದಾರೆ. ಬ್ಲೂ ಟಿಕ್ ಬಂದಿದೆ, ಉತ್ತರ ಬಂದಿಲ್ಲ.

ನಾಳೆ ಹತ್ತೂವರೆಗೆ ಅವರ ಕ್ಯಾಬಿನ್ನಿಗೆ ಹೋಗಿ, ಮಾವಶಿಗೆ ನನ್ನ ಕೈಲಿ ಹೇಳಿಸಿದ್ದನ್ನು ವಾಪಸ್ ತಗೊಳ್ಳಿ ಅನ್ನಬೇಕೆಂದಿದ್ದೇನೆ. ಒಬ್ಬಳೇ ಹೋದರೆ ನಾಡಿದ್ದಿನಿಂದ ನನ್ನ ತಾಸುಗಳೂ ಇರುವುದಿಲ್ಲ.

ಹಾಗಾಗಿ ಈಗ ಇಲ್ಲಿ ಕನ್ನಡದಲ್ಲಿ ಹಾಕುತ್ತಿರುವ ಈ ಪೋಸ್ಟಿಗೆ ಲೈಕು, ಅಳುವ ಮುಖ ಏನೂ ಬೇಡ... ಮಂದಿ ಬೇಕು, ಕನ್ನಡದ ಮಂದಿ. ಯಾರ್ಯಾರು ಬರ್ತೀರಿ?