ಕಾಯುವುದಕ್ಕೊಂದು ಚೌಕ

ಪರೀಕ್ಷೆಯ ದಿನ ಬೆಳಿಗ್ಗೆ ಮಾವ ತಾವೇ ಚಹಾ ಮಾಡಿ ಸೊಸೆಯ ಮುಂದಿಟ್ಟರು. ಸಕ್ಕರೆ ಹಾಕುವುದನ್ನು ಮರೆತಿದ್ದರು. ಅವಳು ಹಾಗೇ ಕುಡಿದಳು.

"ಫೇಲಾದ್ರೆ ತಲೆ ಕೆಡಿಸ್ಕೋಬೇಡಮ್ಮಾ. ಸ್ಲ್ಯಾಬಿಗೆ ನೀರು ಹಾಕೋಕೆ ನನ್ನ ಜೊತೆ ಬಂದ್ಬಿಡು. ನಾನು ಮೇಲಿನವರಿಗೆ ಒಂದು ಮಾತು ಹೇಳ್ತೀನಿ."

"ಮಾವಾ, ಹೊರಡೋ ಹೊತ್ತಲ್ಲಿ ಒಳ್ಳೇ ಮಾತಾಡಿ."

ಮಾವ ನಕ್ಕು ಬುತ್ತಿಯ ಡಬ್ಬಿ ಎತ್ತಿಕೊಂಡರು. ಹೊಸ್ತಿಲಲ್ಲಿ ನಿಂತು, "ಇವತ್ತು ಪೋರ್ಟಿಕೊ ಸ್ಲ್ಯಾಬಿಗೆ ಆಧಾರ ಕೊಟ್ಟಿರೋ ಸೆಂಟ್ರಿಂಗ್ ಕಂಬ ಬಿಚ್ಚುತ್ತಾರಂತೆ. ನಿನ್ನ ಚಾರ್ಟಲ್ಲಿ ಹಾಗಿದೆಯಂತಲ್ಲ," ಅಂದರು.

"ಹುಷಾರಾಗಿರಿ," ಎಂದಳು ಅವಳು. ಯಾಕೆ ಹಾಗಂದೆ ಎಂದು ಅವಳಿಗೇ ತಿಳಿಯಲಿಲ್ಲ. ಒಲೆ ಆರಿಸದೆ ಮನೆ ಬಿಟ್ಟು ಬಂದವಳ ಹಾಗೆ ಬಸ್ಸಿನ ದಾರಿಯುದ್ದಕ್ಕೂ ಮನಸ್ಸು ಕಸಿವಿಸಿಗೊಳ್ಳುತ್ತಿತ್ತು. ಒಲೆಯನ್ನೇನೋ ಆರಿಸಿಯೇ ಬಂದಿದ್ದಳು.

ಕಟ್ಟಡದ ಕಂಪನಿಯಲ್ಲಿ ಬಿಲ್ಲು ಬರೆಯುವವಳು ಅವಳು. ಮಾವ ಅದೇ ಕಂಪನಿಯ ಕಟ್ಟಡದಲ್ಲಿ ತಿಂಗಳ ಸಂಬಳಕ್ಕೆ ಸ್ಲ್ಯಾಬಿಗೆ ನೀರು ಹಾಕುವವರು. ಕೂಡುವುದು, ಕಳೆಯುವುದು ಯಾವತ್ತೂ ತಪ್ಪದ ಕಾರಣ ಎಲ್ಲರ ಬಾಯಲ್ಲೂ 'ಲೆಕ್ಕದಮ್ಮ' ಆಗಿದ್ದಳು. ಈ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಪರೀಕ್ಷೆ ಪಾಸಾದರೆ ಯೋಜನಾ ವಿಭಾಗದ ಕುರ್ಚಿ ಅವಳದೇ. ಗಂಡ ಲಾರಿಯವನು, ಮನೆಗೆ ಬರುವುದು ನೆಂಟನ ಹಾಗೆ. ಹಾಗಾಗಿ ಅವಳು ಓದಲು ಕೂತ ಮೇಲೆ ಅಡುಗೆಮನೆ ಮಾವನ ಪಾಲಾಯಿತು. ಅವರು ಬೆಳ್ಳುಳ್ಳಿ ಸುಲಿಯುತ್ತಾ ಕೂತರೆ ಇವಳು ಅವರಿಗೇ ಪಾಠ ಒಪ್ಪಿಸುತ್ತಿದ್ದಳು. ಒಂದೊಂದು ಕೆಲಸಕ್ಕೂ ಒಂದೊಂದು ಚೌಕ, ಚೌಕದಿಂದ ಚೌಕಕ್ಕೆ ಬಾಣ, ಎಲ್ಲಕ್ಕಿಂತ ಉದ್ದದ ದಾರಿ ಯಾವುದೋ ಅದೇ ಇಡೀ ಕೆಲಸದ ಅವಧಿ. ಆದ ಕೆಲಸವನ್ನು ಆಗಬೇಕಿದ್ದ ಕೆಲಸದಿಂದ ಭಾಗಿಸಿದಾಗ ಒಂದಕ್ಕಿಂತ ಹೆಚ್ಚು ಬಂದರೆ ನಾವು ಮುಂದಿದ್ದೇವೆ, ಕಡಿಮೆ ಬಂದರೆ ಹಿಂದಿದ್ದೇವೆ.

"ಒಂದರ ಮೇಲೆ ಬಂದ್ರೆ ಒಳ್ಳೇದು ಅನ್ನು," ಎಂದು ಮಾವ ತಲೆಯಾಡಿಸುತ್ತಿದ್ದರು. ಪಾಪ, ಮಗನ ಬಾಯಿಪಾಠವನ್ನೂ ಅಷ್ಟು ಆಸ್ಥೆಯಿಂದ ಕೇಳಿದವರಲ್ಲ.

ಪುಸ್ತಕದ ಲೆಕ್ಕಗಳೆಲ್ಲ ಕಂಡರಿಯದ ಹಡಗು, ಸೇತುವೆಗಳದ್ದು. ತಲೆಗೆ ಹತ್ತಲಿಲ್ಲ. ಅದಕ್ಕೇ ಅವಳು ತಮ್ಮದೇ ಕಟ್ಟಡವನ್ನು ಅಭ್ಯಾಸಕ್ಕೆ ತೆಗೆದುಕೊಂಡಳು. ಎಷ್ಟು ಆಳು, ಎಷ್ಟು ಖರ್ಚು, ಎಷ್ಟು ದಿನ ಎಂದು ಬಿಲ್ಲುಗಳನ್ನು ನೋಡಿ ಚೌಕಗಳನ್ನು ತುಂಬಿದಳು. ಲೆಕ್ಕ ಎಷ್ಟು ಚೆಂದ ಕೂತಿತೆಂದರೆ, ಎಲ್ಲರೂ ಅಂದುಕೊಂಡದ್ದಕ್ಕಿಂತ ಬೇಗ ಕಟ್ಟಡ ಹಾಳೆಯ ಮೇಲೆ ಮುಗಿಯುತ್ತಿತ್ತು. ಕಛೇರಿಯ ಮೇಜಿನ ಮೇಲಿದ್ದ ಆ ಹಾಳೆ ಇಂಜಿನಿಯರರ ಕಣ್ಣಿಗೆ ಬಿತ್ತು. ತಡವಾಯಿತೆಂದು ಮಾಲೀಕರಿಂದ ದಿನಾ ಬೈಸಿಕೊಳ್ಳುತ್ತಿದ್ದ ಮನುಷ್ಯ. ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕ ಹಾಗಾಯಿತು. ಮರುದಿನವೇ ಅದು ದೊಡ್ಡದಾಗಿ ಅಚ್ಚಾಗಿ ಗೋಡೆಗೇರಿತು. ಅಭ್ಯಾಸದ ಲೆಕ್ಕ ಸರ್, ಅನ್ನಬೇಕಿತ್ತು ಅವಳು. ಅನ್ನಲಿಲ್ಲ. ಹೊಗಳಿಕೆ ಯಾರಿಗೆ ಬೇಡ?

ಸೆಂಟ್ರಿಂಗ್ ಮೇಸ್ತ್ರಿ ಮಾತ್ರ ಕಂಬ ಇಷ್ಟು ಬೇಗ ಬಿಚ್ಚೋದಾ ಎಂದು ಗೊಣಗಿದ. "ಲೆಕ್ಕದಮ್ಮನ ಲೆಕ್ಕ ಯಾವತ್ತಾದ್ರೂ ತಪ್ಪಿದೆಯೇನಯ್ಯಾ?" ಎಂದು ಇಂಜಿನಿಯರು ಅವನ ಬಾಯಿ ಮುಚ್ಚಿಸಿದರು.

ಮಾವ ಒಂದು ಸಂಜೆ ಪೈಪು ಸುತ್ತಿಟ್ಟು ಬಂದು, ಆ ಚಾರ್ಟನ್ನು ಮೇಲಿಂದ ಕೆಳಗಿನವರೆಗೆ ನೋಡಿ ಕೇಳಿದ್ದರು: "ಇದರಲ್ಲಿ ನಾನೆಲ್ಲಿದೀನಮ್ಮಾ?"

"ನೀರು ಹಾಕೋದಕ್ಕೆಲ್ಲ ಎಂಥಾ ಚೌಕ ಮಾವಾ!" ಎಂದು ಅವಳು ನಕ್ಕಿದ್ದಳು. ಅವರೂ ನಕ್ಕಿದ್ದರು.

ಪರೀಕ್ಷೆಯ ಕೋಣೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಮೌನ. ಫೋನು, ಚೀಲ ಎಲ್ಲ ಹೊರಗಿನ ಕಪಾಟಿನಲ್ಲಿ. ಮುಟ್ಟಿದರೆ ಪರೀಕ್ಷೆ ರದ್ದು ಎಂದು ಮೇಲ್ವಿಚಾರಕಿ ಮೊದಲೇ ಹೇಳಿದ್ದಳು. ಅರ್ಧಕ್ಕೂ ಹೆಚ್ಚು ಪ್ರಶ್ನೆ ಸಲೀಸಾಗಿ ದಾಟಿದವು. ಆಮೇಲೆ ಪರದೆಯ ಮೇಲೆ ಇದು ಬಂತು: ಕಾಂಕ್ರೀಟು ಹಾಕಿದ ಮೇಲೆ ಅದು ಗಟ್ಟಿಯಾಗಲು ಇಂತಿಷ್ಟು ದಿನ ಕಾಯಬೇಕು, ಆ ಕಾಯುವಿಕೆಗೆ ಆಳಿಲ್ಲ, ಖರ್ಚಿಲ್ಲ, ಒಟ್ಟು ಅವಧಿ ಎಷ್ಟು?

ಅವಳ ಕೈ ನಿಂತಿತು.

ಆಳಿಲ್ಲ, ಖರ್ಚಿಲ್ಲ. ಆದ್ದರಿಂದ ಬಿಲ್ಲಿಲ್ಲ. ಬಿಲ್ಲು ನೋಡಿ ಚೌಕ ಬರೆದವಳಿಗೆ ಮಾವ ನೀರು ಹಾಕುತ್ತಾ ಕಾಯುವ ದಿನಗಳು ಕಾಣಿಸಿರಲೇ ಇಲ್ಲ. ಅವಳ ಹಾಳೆಯಲ್ಲಿ ಕಾಂಕ್ರೀಟಿನ ಚೌಕದಿಂದ ಬಾಣ ನೇರ ಕಂಬ ಬಿಚ್ಚುವ ಚೌಕಕ್ಕೆ ಹೋಗಿತ್ತು. ಪೋರ್ಟಿಕೊದ ಸ್ಲ್ಯಾಬು ಇನ್ನೂ ಹಸಿ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಬೆಳಿಗ್ಗೆ ಆರಿಸದೆ ಬಂದ ಒಲೆ ಯಾವುದೆಂದು ಈಗ ಗೊತ್ತಾಯಿತು.

ಅವಳು ಎದ್ದು ಬಾಗಿಲಿಗೆ ಓಡಿದಳು. "ಮೇಡಂ, ಫೋನ್ ಮುಟ್ಟಿದ್ರೆ ಮತ್ತೆ ಒಳಗೆ ಬಿಡಲ್ಲ," ಎಂದಳು ಮೇಲ್ವಿಚಾರಕಿ. "ಬೇಡ, ಬಿಡಬೇಡಿ," ಎಂದು ಅವಳು ಕಪಾಟಿನ ಬೀಗಕ್ಕೆ ಕೀಲಿ ತುರುಕಿದಳು. ಕೀಲಿ ಜಾರಿ ಕೆಳಗೆ ಬಿತ್ತು. ಎತ್ತಿಕೊಂಡಳು.

ಮಾವ ಫೋನೆತ್ತಲಿಲ್ಲ. ಇಂಜಿನಿಯರಿಗೆ ಮಾಡಿದಳು.

"ಓ, ಲೆಕ್ಕದಮ್ಮಾ! ಪರೀಕ್ಷೆ ಮುಗೀತಾ? ನಿಮ್ಮ ಚಾರ್ಟಿಗಿಂತಲೂ ಮುಂದಿದೀವಿ ನಾವು. ಒಂದರ ಮೇಲೆ!"

ಹಿಂದೆ ಕಂಬಕ್ಕೆ ಸುತ್ತಿಗೆ ಬೀಳುವ ಸದ್ದು.

"ನಿಲ್ಸಿ ಸರ್! ಕಾಯೋ ದಿನಾನೇ ಹಾಕಿಲ್ಲ ನಾನು, ತಪ್ಪಾಗಿದೆ. ಎಲ್ಲರನ್ನೂ ಹೊರಗೆ ಕರೀರಿ. ನಮ್ಮ ಮಾವ ಎಲ್ಲಿ?"

"ನಿಮ್ಮ ಮಾವಂಗೆ ಚಾರ್ಟಲ್ಲಿ ಕೆಲಸಾನೇ ಇರ್ಲಿಲ್ವಲ್ಲ. ಸುಮ್ನೆ ಯಾಕೆ ಕೂರಿಸೋದು ಅಂತ, ಬಿಚ್ಚಿದ ಕಂಬ ಎತ್ತಿಡೋಕೆ ಕೆಳಗೆ..." ಮಾತು ಅಲ್ಲಿಗೇ ತುಂಡಾಯಿತು. ಅವರು ಓಡುತ್ತಿದ್ದದ್ದು, "ಏಯ್, ಹೊರಗೆ ಬನ್ರೋ!" ಎಂದು ಅರಚಿದ್ದು ಕೇಳಿಸಿತು. ಆಮೇಲೆ ಏನೋ ಸೀಳಿದ ಸದ್ದು. ಅದರ ಹಿಂದೆಯೇ, ಫೋನು ಕಿವಿಯಿಂದ ದೂರ ಹಿಡಿಯಬೇಕಾದಷ್ಟು ದೊಡ್ಡ ಸದ್ದು.

ತುಂಬ ಹೊತ್ತು ಕೆಮ್ಮು ಮಾತ್ರ. ನಂತರ ಮೇಸ್ತ್ರಿಯ ದನಿ: "ಎಲ್ಲಾ ಬಂದ್ರಾ? ತಾತ ಎಲ್ಲಿ? ತಾತಾ!"

ಯಾರೂ ಓಗೊಡಲಿಲ್ಲ. ಮೇಸ್ತ್ರಿ ಮತ್ತೆ ಕೂಗಿದ. ಅವಳು ಕಪಾಟಿಗೆ ಒರಗಿ, ಫೋನನ್ನು ಕಿವಿಗೆ ಒತ್ತಿಕೊಂಡು, ಮಾವನ ದನಿಗಾಗಿ ಕಾಯುತ್ತಾ ನಿಂತಳು.