ಕುದುರೆ ಸುಲಿಯುವವನಿಗೆ ಕಾಫಿ

ರಕ್ತವನ್ನು ಇಟ್ಟಿಗೆಯ ಹಾಗೆ ಗಟ್ಟಿ ಮಾಡಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಅಂಗಡಿಯಲ್ಲಿ ಹಾಲು ಮೊಸರಿನ ಪಕ್ಕದಲ್ಲೇ ಇಟ್ಟು ಮಾರುವ ದೇಶಕ್ಕೆ ಬಂದಿದ್ದೇನೆಂದು ನನಗೆ ತಿಳಿದದ್ದು ಕೆಲಸಕ್ಕೆ ಸೇರಿದ ಮೊದಲ ವಾರ. ಸ್ವೀಡನ್ನಿನ ಉತ್ತರದ ಒಂದು ಸಣ್ಣ ಊರು. ಅಲ್ಲಿನ ವೃದ್ಧಾಶ್ರಮದಲ್ಲಿ ನಾನು ನರ್ಸ್. ಮಧ್ಯಾಹ್ನದ ಊಟಕ್ಕೆ ಆ ಕಪ್ಪು ಇಟ್ಟಿಗೆಯನ್ನು ಬಿಲ್ಲೆ ಬಿಲ್ಲೆಯಾಗಿ ಕೊಯ್ದು, ಬೆಣ್ಣೆಯಲ್ಲಿ ಹುರಿದು, ಮೇಲೆ ಹುಳಿಹಣ್ಣಿನ ಜಾಮು ಸುರಿದು ನನ್ನ ಕೈಗೆ ಕೊಟ್ಟರು. ಹೆಸರು ಬ್ಲೂಡ್‌ಪುಡ್ಡಿಂಗ್, ಹಂದಿಯ ರಕ್ತದ ಕಡುಬು. ಕೈ ನಡುಗುವ ಮುದುಕರೊಬ್ಬರಿಗೆ ಅದನ್ನು ನಾನು ತಿನ್ನಿಸಬೇಕಿತ್ತು. ತಿನ್ನಿಸಿದೆ. ಅವರು ಇನ್ನೊಂದು ಬಿಲ್ಲೆ ಕೇಳಿದರು. ಅದನ್ನೂ ಕೊಟ್ಟು, ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಂಡೆ.

ಭೀಮೆಯ ದಂಡೆಯ ದೇವಣಗಾಂವದಲ್ಲಿ ನಮ್ಮ ಮನೆತನ ಎಲ್ಲರಿಗೂ ಗೊತ್ತು. ಸತ್ತ ದನ ಎಳೆಯುವುದು, ತೊಗಲು ಸುಲಿಯುವುದು ನಮ್ಮ ಓಣಿಯ ಮೇಲೆ ಊರು ಹೊರಿಸಿದ ಕೆಲಸವಾಗಿತ್ತು. ಹೊಟ್ಟೆಗಿಲ್ಲದ ದಿನಗಳಲ್ಲಿ ರಕ್ತವನ್ನೂ ಬೇಯಿಸಿ ತಿಂದವರು ನಮ್ಮವರು. ಊರು ಅದನ್ನು ನೋಡಿ ಉಗುಳುತ್ತಿತ್ತು. ನಮ್ಮ ಮುತ್ಯಾ ಬೌದ್ಧ ಧರ್ಮಕ್ಕೆ ಬಂದ ಮೇಲೆ ಸುಲಿಯುವ ಕತ್ತಿಯನ್ನು ಹೊಳೆಗೆ ಎಸೆದು, ಆ ಅಡುಗೆಯ ಗಡಿಗೆಯನ್ನು ಅಂಗಳದಲ್ಲಿ ಒಡೆದು, ಮಕ್ಕಳನ್ನು ಶಾಲೆಗೆ ಹಾಕಿದರು. ಅಪ್ಪ ಸಿಂದಗಿಯಲ್ಲಿ ಮಾಸ್ತರರಾದರು. ಅವ್ವ ಇವತ್ತಿಗೂ ಸಿಂದಗಿಯ ಮನೆಯ ನೆಲ ಒರೆಸುವ ರೀತಿ ನೋಡಿದರೆ, ಯಾರೋ ಬಾಗಿಲಲ್ಲಿ ನಿಂತು ತಪ್ಪು ಹುಡುಕುತ್ತಿದ್ದಾರೆ ಅನ್ನಿಸುತ್ತದೆ. ಆ ಮನೆಯಲ್ಲಿ ಬೆಳೆದವಳಿಗೆ ಹೇಸಿಕೆ ಬಹಳ ಬೇಗ ಬರುತ್ತದೆ.

ಸ್ವೀಡನ್ನಿನ ಈ ಊರಿನಲ್ಲಿ ಅದು ಬರದ ದಿನವೇ ಇರಲಿಲ್ಲ. ನನ್ನದು ಒಂದು ಕೋಣೆಯ ಮನೆ. ಬಟ್ಟೆ ಒಗೆಯಲು ಕಟ್ಟಡಕ್ಕೆಲ್ಲ ಸೇರಿ ನೆಲಮಾಳಿಗೆಯಲ್ಲಿ ಒಂದೇ ಕೋಣೆ, ತ್ವೆತ್‌ಸ್ತೂಗ ಎನ್ನುತ್ತಾರೆ. ಯಂತ್ರದ ಜಾಳಿಗೆಯಲ್ಲಿ ಹಿಂದಿನವರ ಕೂದಲು ಒದ್ದೆ ಮುದ್ದೆಯಾಗಿ ಕೂತಿರುತ್ತದೆ. ಪಾಯಖಾನೆಯಲ್ಲಿ ನೀರಿಲ್ಲ, ಕಾಗದ. ಗಿಡಕ್ಕೆ ನೀರು ಹಾಕುವ ಪ್ಲಾಸ್ಟಿಕ್ ಝಾರಿಯೊಂದನ್ನು ಕೊಂಡು ತಂದೆ; ಅಂಗಡಿಯಾಕೆ ಯಾವ ಗಿಡ ಬೆಳೆಸುತ್ತೀ ಎಂದು ಅಕ್ಕರೆಯಿಂದ ಕೇಳಿದಳು. ಭಾಷೆಯ ತರಗತಿಯಲ್ಲಿ ನಮಸ್ಕಾರ, ಹವಾಮಾನ ಕಲಿಸಿದರು. ಆದರೆ ನನಗೆ ಮೊದಲು ಬಾಯಿಪಾಠವಾದ ಮಾತು ‘ಎಕ್ಲಿಟ್’. ಅಂದರೆ ಹೇಸಿಗೆ, ಅಸಹ್ಯ. ನಾನು ಡಬ್ಬಿ ಬಿಚ್ಚಿ ರೊಟ್ಟಿಗೆ ಬೆಳ್ಳುಳ್ಳಿ ಹಾಕಿದ ಶೇಂಗಾ ಚಟ್ನಿ ಹಚ್ಚಿಕೊಂಡಾಗ ಜೊತೆಯ ಕೆಲಸದಾಕೆ ಕಾರಿನ್ ಆ ಮಾತನ್ನು ಮೆಲ್ಲಗೆ ಅಂದು, ಹೊರಗೆ ಹಿಮ ಬೀಳುತ್ತಿದ್ದರೂ ಕಿಟಕಿ ತೆರೆದಳು. ಅಲ್ಲಿಂದ ನಾನು ಬಟ್ಟೆ ಬದಲಿಸುವ ಕೋಣೆಯಲ್ಲಿ ಒಬ್ಬಳೇ ಉಣ್ಣತೊಡಗಿದೆ.

ಆಶ್ರಮದಲ್ಲಿದ್ದ ಗುನ್ನೆಲ್ ಎಂಬ ಮುದುಕಿಯ ಕೋಣೆಯ ಕೆಲಸಕ್ಕೆ ನನ್ನನ್ನು ಹಾಕಿದ್ದು ಆಗಲೇ. ಇಲ್ಲಿ ತೊಂಬತ್ತರ ಮುದುಕಿಯನ್ನೂ ಹೆಸರು ಹಿಡಿದು ಏಕವಚನದಲ್ಲೇ ಕರೆಯಬೇಕು. ಕನ್ನಡದಲ್ಲಿ ಬರೆಯುವಾಗ ನನ್ನ ಕೈಗೆ ಅದು ಒಗ್ಗುವುದಿಲ್ಲ. ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು, ಮದುವೆಯಾಗಿಲ್ಲ, ಮಾತು ಖಾರ. ಅವರ ಮಂಚದ ಎದುರು ಗೋಡೆಯ ಮೇಲೊಂದು ತೈಲಚಿತ್ರ: ಹಿಮದ ಮೇಲೆ ಅರ್ಧ ಸುಲಿದ ಕುದುರೆ. ಊಟದ ಹೊತ್ತಿಗೆ ನರ್ಸುಗಳು ಅದರ ಮೇಲೆ ಟವೆಲ್ ಹಾಕುತ್ತಿದ್ದರು. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ತೊಗಲಿನ ಅಡಿಯ ನೀಲಿ ಪೊರೆ, ಹೊಗೆಯಾಡುವ ಹೊಟ್ಟೆ, ಎಲ್ಲವೂ ಅಷ್ಟು ನಿಜವಾಗಿತ್ತು. ಬೇರೆ ಮಹಡಿಗೆ ಹಾಕಿರೆಂದು ಅಂದೇ ಮೇಲ್ವಿಚಾರಕರನ್ನು ಕೇಳಿದೆ. ಅವರು ಆಗದೆಂದರು.

ವಾರಗಟ್ಟಲೆ ನಾನು ಚಿತ್ರಕ್ಕೆ ಬೆನ್ನು ಹಾಕಿಯೇ ಕೆಲಸ ಮಾಡಿದೆ. ಒಂದು ದಿನ ಗುನ್ನೆಲ್ ತಾವಾಗಿ ಹೇಳಿದರು. ಬರೆದದ್ದು ಅವರ ಸೋದರತ್ತೆ ಸಿಗ್ನೆ. ಸ್ಟಾಕ್‌ಹೋಮಿನಲ್ಲಿ ಚಿತ್ರಕಲೆ ಕಲಿತು, ಊರಿಗೆ ಮರಳಿ, ಬದುಕಿಡೀ ಬರೆದವರು. ಹೂವಿನ ಚಿತ್ರ ಬರೆದಾಗ ಜನ ಕೊಂಡರು. ಆಮೇಲೆ ಅವರು ಊರ ಹೊರಗಿನ ರಾಕ್ಕಾರೆಯ ಮನೆಯವರನ್ನು ಬರೆಯತೊಡಗಿದರು, ಕೊಳ್ಳುವವರು ನಿಂತುಹೋದರು.

ರಾಕ್ಕಾರೆ ಎಂದರೆ ತುಂಟ ಎಂದು ನನಗೆ ತರಗತಿಯಲ್ಲಿ ಹೇಳಿದ್ದರು. ಅದು ಈಗಿನ ಅರ್ಥ ಎಂದರು ಗುನ್ನೆಲ್. ಹಳೆಯ ಕಾಲದಲ್ಲಿ ಸತ್ತ ಕುದುರೆ ಸುಲಿಯುವವನಿಗೆ ಆ ಹೆಸರು. ಅವನ ಕೈಯಿಂದ ಯಾರೂ ಏನನ್ನೂ ಮುಟ್ಟುತ್ತಿರಲಿಲ್ಲ. ಅವನ ಜೊತೆ ಕೂತು ಉಂಡವರಿಗೂ ಮೈಲಿಗೆ. ಅವನ ಮಕ್ಕಳಿಗೆ ಅಂಥದೇ ಮನೆಯ ಹೆಣ್ಣು, ಅಂಥದೇ ಮನೆಯ ಗಂಡು.

ನಾನು ಕೈಯಲ್ಲಿದ್ದ ಮಾತ್ರೆಯ ತಟ್ಟೆಯನ್ನು ಕೆಳಗಿಟ್ಟು ಅವರ ಮಂಚದ ತುದಿಗೆ ಕೂತೆ. ಮೊದಲ ಸಲ ಆ ಚಿತ್ರಕ್ಕೆ ಮುಖ ಕೊಟ್ಟೆ.

ಉಳಿದ ಚಿತ್ರಗಳು ಊರ ಗ್ರಂಥಾಲಯದ ನೆಲಮಾಳಿಗೆಯಲ್ಲಿದ್ದವು. ಅವನ್ನು ನೋಡಿ ಬಾ ಎಂದು ಗುನ್ನೆಲ್ ಕಳಿಸಿದರು. ಬೂಷ್ಟು ಹಿಡಿದ ಗೋಣಿಯ ವಾಸನೆ, ಗೋಡೆಗೆ ಒರಗಿಸಿದ ಚೌಕಟ್ಟುಗಳ ಮೇಲೆ ಇಲಿಯ ಹಿಕ್ಕೆ. ಒಂದೊಂದಾಗಿ ತಿರುಗಿಸುತ್ತ ಹೋದೆ. ಕರುಳು ತೊಳೆಯುವ ಹೆಂಗಸು. ತೊಗಲು ಹೊತ್ತ ಹುಡುಗಿ. ಕೊನೆಗೆ ದೊಡ್ಡದೊಂದು: ಬೇಲಿಯ ಈಚೆ ಬಿಳಿ ಏಪ್ರನ್ನಿನ ರೈತಗಿತ್ತಿ, ಆಚೆ ಸುಲಿಯುವವನು. ಅವನು ತನ್ನದೇ ಮರದ ಬಟ್ಟಲು ಚಾಚಿದ್ದಾನೆ. ಅವಳು ಕೆಟಲಿನ ಮೂತಿ ತಾಗದಂತೆ ತೋಳೆತ್ತಿ ಮೇಲಿನಿಂದ ಕಾಫಿ ಸುರಿಯುತ್ತಿದ್ದಾಳೆ. ಮೂಲೆಯಲ್ಲಿ ಸುಲಿದ ಕುದುರೆ.

ದೇವಣಗಾಂವದಲ್ಲಿ ನಮ್ಮ ಆಯಿಗೆ, ಮುತ್ಯಾನ ಹೆಂಡತಿಗೆ, ನೀರು ಹೀಗೇ ಬೀಳುತ್ತಿತ್ತು, ಬೊಗಸೆಗೆ, ಮೇಲಿನಿಂದ. ಅದನ್ನು ಹೇಳುವಾಗ ಆಯಿ ಮುಖ ಬೇರೆ ಕಡೆ ತಿರುಗಿಸಿಕೊಳ್ಳುತ್ತಿದ್ದಳು. ಮೆಟ್ಟಿಲ ಮೇಲೆ ಕೂತು ಸುಧಾರಿಸಿಕೊಂಡು ಮತ್ತೆ ನೋಡಿದೆ, ಬಹಳ ಹೊತ್ತು ನೋಡಿದೆ. ಆಗ ಸಿಗ್ನೆ ಮಾಡಿದ ಕೆಲಸ ಕಂಡಿತು. ಸತ್ತ ಪ್ರಾಣಿಯ ಮಾಂಸಕ್ಕೆ ಅವರು ಹಾಕಿದ್ದು ಬೆಚ್ಚನೆಯ ಬಣ್ಣ. ಸುಲಿಯುವವನ ಮುಖ ಬಿಸಿ ಕಾಫಿಗೆ ಕಾದವನ ಮುಖ, ಅಷ್ಟೇ. ಹಸಿರು ಮಿಶ್ರಿತ ಬೂದು, ಕೊಳೆತದ್ದರ ಬಣ್ಣ, ಇಡೀ ಚಿತ್ರದಲ್ಲಿ ಒಂದೇ ಕಡೆ ಇತ್ತು: ಆ ರೈತಗಿತ್ತಿಯ ಸುಕ್ಕಾದ ಮೂಗಿನ ಸುತ್ತ.

ಆ ವರ್ಷ ಊರಿನ ಕಲಾವಿದರ ಪ್ರದರ್ಶನ ಏರ್ಪಾಡಾಗಿತ್ತು. ಸಿಗ್ನೆಯ ಹೂವಿನ ಚಿತ್ರಗಳನ್ನು ಮಾತ್ರ ಹಾಕುವುದೆಂದು ತೀರ್ಮಾನವಾಗಿತ್ತು. ಗುನ್ನೆಲ್ ಕಾಫಿಯ ಚಿತ್ರವೇ ಬೇಕೆಂದು ಹಠ ಹಿಡಿದು, ತಮ್ಮ ಪರವಾಗಿ ಮಾತಾಡಲು ನನ್ನನ್ನು ಸಭೆಗೆ ಕರೆದೊಯ್ದರು. ಗ್ರಂಥಾಲಯದ ಮುಖ್ಯಸ್ಥೆ ಮೃದು ಮಾತಿನ ಹೆಂಗಸು. ಮಕ್ಕಳು ಬರುತ್ತಾರೆ, ಕಾಫಿ, ದಾಲ್ಚಿನ್ನಿಯ ಬನ್ನು ಇರುತ್ತದೆ, ಆ ಚಿತ್ರ ಸ್ವಲ್ಪ ಎಕ್ಲಿಟ್ ಅಲ್ಲವೇ ಎಂದರು.

ನನ್ನ ಸ್ವೀಡಿಷ್ ಆಗ ಮುರುಕು. ಹೇಸಿಗೆ ಎಲ್ಲಿದೆ, ಬೆರಳಿಟ್ಟು ತೋರಿಸಿ ಎಂದೆ. ಅವರು ಸಭೆಗೆ ತಂದಿಟ್ಟಿದ್ದ ಚಿತ್ರದ ಮೂಲೆಯಲ್ಲಿ ಬಿದ್ದ ಕುದುರೆಯನ್ನು ತೋರಿಸಿದರು. ನಾನು ಎದ್ದು ಹೋಗಿ ರೈತಗಿತ್ತಿಯ ಮೂಗಿನ ಮೇಲೆ ಬೆರಳಿಟ್ಟೆ.

“ಇಲ್ಲಿದೆ. ನನ್ನ ಮನೆಯವರು ಬೇಲಿಯ ಆಚೆಗೆ ನಿಂತವರು,” ಎಂದೆ.

ಈ ದೇಶದಲ್ಲಿ ಯಾರಿಗೂ ಹೇಳದ ಮಾತು ಅದು. ಕಡೆಗೆ ಚಿತ್ರವನ್ನು ಹಾಕಲು ಒಪ್ಪಿದರು. ಹಾಕಿದ್ದು ಪಾಯಖಾನೆಗೆ ಹೋಗುವ ಹಾದಿಯ ಗೋಡೆಗೆ. ನನಗೆ ಮೈ ಉರಿಯಿತು. ಗುನ್ನೆಲ್ ನಕ್ಕರು, ಅಲ್ಲಿಗೆ ಎಲ್ಲರೂ ಒಮ್ಮೆಯಾದರೂ ಹೋಗಲೇಬೇಕಲ್ಲ ಎಂದು.

ಪ್ರದರ್ಶನದ ದಿನ ಅವರ ಗಾಲಿಕುರ್ಚಿಯನ್ನು ಆ ಗೋಡೆಯ ಎದುರಿಗೇ ನಿಲ್ಲಿಸಿ, ಇಬ್ಬರೂ ಅಲ್ಲೇ ಕಾಫಿ ಕುಡಿದೆವು. ಜನ ತಲೆ ತಗ್ಗಿಸಿ ದಾಟಿದರು. ಕಾರಿನ್ ಮಾತ್ರ ನಿಂತು ನೋಡಿ, ತಾನೂ ಒಂದು ಕುರ್ಚಿ ಎಳೆದುಕೊಂಡಳು. ಒಳ್ಳೆಯ ಕೋಟು ತೊಟ್ಟ ವಯಸ್ಸಾದವರೊಬ್ಬರು ಬಂದು ಟೊಪ್ಪಿಗೆ ತೆಗೆದು ಚಿತ್ರದ ಎದುರು ನಿಂತರು. ಆಮೇಲೆ ಗುನ್ನೆಲ್ ಅವರ ಕಿವಿಯ ಹತ್ತಿರ ಬಗ್ಗಿ, ಬಟ್ಟಲು ಹಿಡಿದವನು ನನ್ನ ಅಜ್ಜಿಯ ಅಪ್ಪ ಎಂದರು. ಯಾರಿಗೂ ಹೇಳಬೇಡ ಎಂದೂ ಕೇಳಿಕೊಂಡರು. ಸುಲಿಯುವವರು ಹೋಗಿ, ಕುದುರೆಗಳೂ ಹೋಗಿ, ಆ ಹೇಸಿಕೆಯೊಂದು ಮಾತ್ರ ಇನ್ನೂ ಜೀವಂತ. ಆ ಅಂದದ ಊರನ್ನು ನೋಡಿ ನನಗೆ ಉಗುಳಬೇಕೆನ್ನಿಸಿತು.

ಅವ್ವನಿಗೆ ವಿಡಿಯೋದಲ್ಲಿ ಚಿತ್ರ ತೋರಿಸಿದೆ. ಅವಳು ಮೋರೆ ಕಿವಿಚಿದಳು.

“ಛೀ, ತಗಿ ಅದನ್ನ. ನಿಮ್ಮ ಮುತ್ಯಾ ಇದನ್ನ ಬಿಡಸಾಕ ಎಷ್ಟ ಬಡದಾಡ್ಯಾನ. ನೀ ಅಷ್ಟ ದೂರ ಹೋಗಿ ಅದನ್ನ ನೋಡ್ಕೊಂತ ಕುಂದ್ರತಿ ಏನು?”

ನಾನು ಫೋನನ್ನು ರೈತಗಿತ್ತಿಯ ಮುಖದ ಹತ್ತಿರ ಹಿಡಿದೆ. ಅವ್ವ ಪರದೆಗೆ ಮುಖ ಹತ್ತಿರ ತಂದು ನೋಡಿದಳು. ಆಮೇಲೆ ನಿಧಾನಕ್ಕೆ ಹೇಳಿದಳು.

“ಇಕಿನ್ನ ನಾ ಬಲ್ಲೆ. ಇಕಿ ನಮ್ಮೂರಾಗೂ ಅದಾಳ.”

ಮರುವರ್ಷ ರಜೆಗೆ ಸಿಂದಗಿಗೆ ಬಂದೆ. ನನ್ನ ಜೊತೆ ಓದಿದ ಗೆಳತಿಯೊಬ್ಬಳು ಇಂಡಿಯಲ್ಲಿದ್ದಾಳೆ, ಕರೆದಳೆಂದು ಹೋದೆ. ದೊಡ್ಡ ಮನೆ. ಬಸ್ಸು ಹತ್ತಿದಾಗಿನಿಂದಲೂ ಅವಳ ಕೈಯ ಚಹಾ ನೆನೆಸುತ್ತಿದ್ದೆ. ಅವಳ ಅತ್ತೆ ಪರದೇಶದ ಸುದ್ದಿಯೆಲ್ಲ ಕೇಳಿದರು. ಚಹಾ ಬಂತು. ಎಲ್ಲರಿಗೂ ಪಿಂಗಾಣಿ ಕಪ್ಪು ಬಸಿ, ನನಗೊಂದು ಕಾಗದದ ಕಪ್ಪು. ಬೊಗಸೆಗೆ ಸುರಿಯುವ ಕಾಲ ಹೋಯಿತು, ಈಗ ಕುಡಿದದ್ದನ್ನು ಬಿಸಾಡಿಬಿಟ್ಟರಾಯಿತು.

ನಾನು ಅದನ್ನು ಮುಟ್ಟಲಿಲ್ಲ. “ನನಗೂ ಕಪ್ಪು ಬಸಿ ಕೊಡ್ರಿ,” ಎಂದೆ.

ಗೆಳತಿ ನೆಲ ನೋಡಿದಳು. ಅತ್ತೆ ಎದ್ದು ಹೋಗಿ ತಂದರು. ತರುವಾಗ ಅವರ ಮೂಗಿನ ಹತ್ತಿರ ಅದೇ ಸುಕ್ಕು. ಪೂರ್ತಿ ಕುಡಿದೆ. ರುಚಿ ಹತ್ತಲಿಲ್ಲ. ಗೆಳತಿ ಬಸ್ ಸ್ಟ್ಯಾಂಡಿನವರೆಗೆ ಬಂದಳು, ಅತ್ತೆಯದು ಹಳೆ ಮಂದಿಯ ಬುದ್ಧಿ ಎಂದಳು. ನಾನು ಬಸ್ಸು ಹತ್ತಿದೆ.

ಹೊರಡುವ ಹಿಂದಿನ ದಿನ ಅವ್ವ ನನ್ನ ಚೀಲಕ್ಕೆ ಚಟ್ನಿಪುಡಿ ತುಂಬುತ್ತ, ವಿಜಯಪುರದ ದವಾಖಾನೆಯಲ್ಲೇ ಕೆಲಸ ಸಿಗುತ್ತದೆ, ಯಾಕೆ ಹೋಗುತ್ತಿ ಎಂದಳು.

“ಅಲ್ಲಿ ನನ್ನ ಜಾತಿಯ ಹೆಸರು ಯಾರಿಗೂ ಗೊತ್ತಿಲ್ಲವ್ವಾ,” ಎಂದೆ.

“ನಿನ್ನ ಹೆಸರರೆ ಗೊತ್ತೈತೇನು?”

ನನ್ನ ಹೆಸರು ಸುಜಾತಾ. ಬುದ್ಧನಿಗೆ ತನ್ನ ಕೈಯಾರೆ ಪಾಯಸ ಕೊಟ್ಟವಳ ಹೆಸರೆಂದು ಮುತ್ಯಾ ಇಟ್ಟದ್ದು. ಅಲ್ಲಿ ಯಾರ ನಾಲಿಗೆಯೂ ಅದಕ್ಕೆ ಹೊರಳುವುದಿಲ್ಲ, ‘ಸು’ ಎನ್ನುತ್ತಾರೆ. ಆ ‘ಸು’ ಒಳ್ಳೆಯ ಪಿಂಗಾಣಿ ಕಪ್ಪಿನಲ್ಲಿ ಕಾಫಿ ಕುಡಿಯುತ್ತಾಳೆ. ಪೂರ್ತಿ ಹೆಸರು ಸರಿಯಾಗಿ ಕರೆಯಬಲ್ಲ ಮಂದಿಯೆಲ್ಲ ಇತ್ತ, ಕಾಗದದ ಕಪ್ಪಿನ ಇಂಡಿ ಸಿಂದಗಿಯ ಕಡೆಗೇ, ಉಳಿದಿದ್ದಾರೆ.